ಅತ್ತೆಯ ಕೋಣೆಯ ತೂಕದ ಕಿಟಕಿ

ದಿಂಡಿಗಲ್ಲಿನಲ್ಲಿ ನಾನಿರುವ ಬೀದಿಯ ತುದಿಗೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯೊಂದಿದೆ. ಕಳೆದ ವಾರ ಕಾಲೇಜಿನ ಹಳೆಯ ಗುಂಪು ಫೋಟೋವೊಂದಕ್ಕೆ ಗಾಜು ಹಾಕಿಸಲು ಹೋಗಿದ್ದೆ. ಅಂಗಡಿಯವನು ನೆಲದ ಮೇಲೆ ಕೂತು ಸೀಮೆಸುಣ್ಣದ ಪುಡಿಗೆ ಅಗಸೆ ಎಣ್ಣೆ ಹಾಕಿ, ಚಪಾತಿ ಹಿಟ್ಟಿನ ಹಾಗೆ ಪುಟ್ಟಿ ನಾದುತ್ತಿದ್ದ. ಹಸಿ ಎಣ್ಣೆಯ ವಾಸನೆ ಅಂಗಡಿ ತುಂಬ ಇತ್ತು. ನಾನು ಫೋಟೋವನ್ನು ಮೇಜಿನ ಮೇಲಿಟ್ಟು, ಅಳತೆ ಹೇಳದೆ ಹೊರಗೆ ಬಂದು ನಿಂತೆ.

ಮನೆಗೆ ಹೋಗಿ, ಅತ್ತೆಯ ಕಿಟಕಿಗೆ ಇಂಥದೇ ಪುಟ್ಟಿ ಹಾಕಿಸಿದ ವರ್ಷದ ಡೈರಿ ಹುಡುಕಿದೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಇತಿಹಾಸ ಪಾಠ ಮಾಡುವವರಿಗೆ ಅಂಟುವ ರೋಗವಿರಬೇಕು. ಡೈರಿಯನ್ನೂ ಪೂರ್ತಿ ನಂಬುವುದಿಲ್ಲ, ಯಾಕೆಂದರೆ ಬರೆದವಳು ನಾನೇ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ತೇನಿ ಕಡೆಯ ಕಾಮಯಗೌಂಡನ್‌ಪಟ್ಟಿಯಲ್ಲಿ, ದ್ರಾಕ್ಷಿ ತೋಟದ ನಡುವೆ. ತಮ್ಮ ಮುರುಗ, ಅವನ ಹೆಂಡತಿ ಸೆಲ್ವಿ, ಅವರ ಇಬ್ಬರು ಹೆಣ್ಣುಮಕ್ಕಳು ಮತ್ತು ಲಿಂಗಮ್ಮತ್ತೆ ಅಲ್ಲಿದ್ದರು. ಲಿಂಗಮ್ಮತ್ತೆ ನಮ್ಮ ಅಪ್ಪನ ತಂಗಿ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ಕೊಂಬೈಯಿಂದ ತವರಿಗೆ ಬಂದವಳು. ಆಮೇಲೆ ದ್ರಾಕ್ಷಿ ತೋಟ ಅವಳದೇ ಆಯಿತು. ಮೂವತ್ತು ವರ್ಷ ಅವಳೇ ಚಪ್ಪರದ ಕೆಳಗೆ ಬಗ್ಗಿ ನಡೆದು ಮೈಲುತುತ್ತ, ಸುಣ್ಣ ಕಲಸಿದ ಮದ್ದು ಹೊಡೆದಳು. ಮೂಗಿಗೆ ಒಂದು ಬಟ್ಟೆ ಕಟ್ಟಿದವಳಲ್ಲ. ನಾವು ಚಿಕ್ಕವರಿದ್ದಾಗ ಅವಳ ಉಗುರಿನ ಸುತ್ತ ನೀಲಿ ಗೆರೆ ಇರುತ್ತಿತ್ತು, ಅದನ್ನು ಅಲಂಕಾರ ಎಂದುಕೊಂಡಿದ್ದೆವು. ನಾನು ಹೇಳುತ್ತಿರುವ ವರ್ಷ ಅವಳಿಗೆ ಅರವತ್ತೆಂಟೋ ಎಪ್ಪತ್ತೋ. ಹಜಾರದಿಂದ ಬಚ್ಚಲಿಗೆ ಹೋಗಿಬರಲು ನಡುವೆ ಎರಡು ಕಡೆ ಗೋಡೆ ಹಿಡಿದು ನಿಲ್ಲಬೇಕಾಗಿತ್ತು. ಎದೆಯೊಳಗೆ ಗಾಳಿ ಹಿಡಿಯುತ್ತಿರಲಿಲ್ಲ.

ಅವಳ ಕೋಣೆಯಲ್ಲಿ ತೂಕದ ಕಿಟಕಿ ಇತ್ತು. ಘಟ್ಟದ ಮೇಲಿನ ಏಲಕ್ಕಿ ತೋಟದಲ್ಲಿ ಬಿಳಿ ದೊರೆಗಳ ಕಾಲದ ಬಂಗಲೆಯೊಂದನ್ನು ಕೆಡವಿದಾಗ ನಮ್ಮ ತಾತ ಆರು ಕಿಟಕಿಗಳನ್ನು ಕೊಂಡು ಕೆಳಗೆ ತಂದರಂತೆ. ಲಾರಿಯಲ್ಲಿ ಎಂದು ಅಪ್ಪ ಹೇಳುತ್ತಿದ್ದರು, ಎತ್ತಿನ ಗಾಡಿಯಲ್ಲಿ ಎಂದು ಅತ್ತೆ. ಮೊದಲು ಕಿಟಕಿ ಬಂತು, ಆಮೇಲೆ ಅದರ ಅಳತೆಗೆ ಮನೆ ಕಟ್ಟಿದರು ಎನ್ನುವುದರಲ್ಲಿ ಮಾತ್ರ ಇಬ್ಬರಿಗೂ ಒಮ್ಮತವಿತ್ತು. ಇಂಥ ಕಿಟಕಿ ಅಡ್ಡಕ್ಕೆ ತೆರೆಯುವುದಿಲ್ಲ. ಗಾಜಿನ ಎರಡು ಕದ, ಒಂದು ಮೇಲೆ, ಒಂದು ಕೆಳಗೆ. ಎರಡೂ ಚೌಕಟ್ಟಿನಲ್ಲಿ ಕೊರೆದ ತೋಡಿನಲ್ಲಿ ಏರಿಳಿಯುತ್ತವೆ. ಪ್ರತಿ ಕದದ ಎರಡೂ ಬದಿಗೆ ಹಗ್ಗ, ಹಗ್ಗ ರಾಟೆಯ ಮೇಲೆ ಹಾದು ಚೌಕಟ್ಟಿನ ಹೊಟ್ಟೆಯೊಳಗೆ ಇಳಿಯುತ್ತದೆ, ಅದರ ತುದಿಗೆ ಕಬ್ಬಿಣದ ಗುಂಡು. ಎರಡು ಬದಿಯ ಗುಂಡುಗಳ ತೂಕ ಸೇರಿ ಕದದ ತೂಕಕ್ಕೆ ಸಮ. ಹಾಗಾಗಿ ಕದವನ್ನು ಎಲ್ಲಿ ಬಿಟ್ಟರೆ ಅಲ್ಲೇ ನಿಲ್ಲುತ್ತದೆ.

ಅತ್ತೆಗೆ ಬೇಕಾಗಿದ್ದದ್ದು ಮೇಲಿನ ಕದ. ಅದನ್ನು ಒಂದು ಗೇಣು ಇಳಿಸಿದರೆ ಕೋಣೆಯ ಧಗೆ ಮೇಲಿನಿಂದ ಹೊರಗೆ ಹೋಗುತ್ತಿತ್ತು, ಹೊಸ ಗಾಳಿ ತಲೆಯ ಮೇಲೆ ಹಾದು ಬರುತ್ತಿತ್ತು, ಧೂಳು ಹಾಸಿಗೆಯ ಮೇಲೆ ಬೀಳುತ್ತಿರಲಿಲ್ಲ. ಘಟ್ಟದ ಕೆಳಗಿನ ನಮ್ಮ ಕಣಿವೆಯಲ್ಲಿ ಇದು ಸಣ್ಣ ವಿಷಯವಲ್ಲ. ತಮಿಳರ ಆನಿ ತಿಂಗಳಿನಿಂದಲೇ, ಅಂದರೆ ಜೂನ್ ನಡುವಿನಿಂದ, ಘಟ್ಟದ ಆ ಕಡೆ ಮಳೆ ಸುರಿಯುತ್ತದೆ, ನಮ್ಮ ಕಡೆಗೆ ಬರುವುದು ಅದರ ಗಾಳಿ ಮಾತ್ರ. ದ್ರಾಕ್ಷಿ ಚಪ್ಪರದ ತಂತಿಗಳು ಹಗಲಿಡೀ ಶಿಳ್ಳೆ ಹಾಕುತ್ತವೆ, ಬಾಳೆ ಮಲಗುತ್ತದೆ, ತೆಂಗಿನ ಗರಿ ಯಾರ ತಲೆ ಎಂದು ನೋಡದೆ ಬೀಳುತ್ತದೆ. ಆ ಗಾಳಿಯಲ್ಲಿ ಅತ್ತೆ ಬೆನ್ನಿಗೆ ಮೂರು ದಿಂಬು ಕೊಟ್ಟು ಕೂತು, ಆ ಒಂದು ಗೇಣಿನಿಂದ ಉಸಿರಾಡುತ್ತಿದ್ದಳು. ಆ ವರ್ಷ ಆನಿ ಮುಗಿಯುವ ಹೊತ್ತಿಗೆ ಮೇಲಿನ ಕದದ ಎರಡೂ ಹಗ್ಗಗಳು ವಾರದ ಅಂತರದಲ್ಲಿ ಕಡಿದುಹೋದವು, ಕದ ಬಿಟ್ಟಲ್ಲಿ ನಿಲ್ಲದಾಯಿತು.

ಮುರುಗ ಮೊದಲು ಕರೆಸಿದ್ದು ಅಲುಮಿನಿಯಂನವನನ್ನು. ನಾನು ಶನಿವಾರ ಊರಿಗೆ ಹೋದಾಗ ಅದೇ ಮಾತು ನಡೆಯುತ್ತಿತ್ತು.

"ಆರು ಸಾವ್ರಕ್ಕೆ ಮುಗುದೋಯ್ತದೆ ಕಣಕ್ಕ," ಎಂದ. "ಒಂದು ದಿನದ ಕೆಲ್ಸ. ತಳ್ಳುದ್ರೆ ತೆಕ್ಕತದೆ, ತಳ್ಳುದ್ರೆ ಮುಚ್ಕತದೆ. ಹಗ್ಗ ಇಲ್ಲ, ಗುಂಡಿಲ್ಲ."

"ಅಡ್ಡಕ್ಕೆ ತಳ್ಳೋ ಜನ್ನಲು ನನ್ಗೆ ಬ್ಯಾಡ," ಎಂದಳು ಅತ್ತೆ ಹಾಸಿಗೆಯಿಂದ. "ಗಾಳಿ ಸೀದಾ ಬಂದು ನನ್ ಎದೆ ಮ್ಯಾಲೆ ಕುಂತ್ಕತದೆ. ನಿಂಗೇನ್ಲ, ನಿನ್ ಎದೆ ಬಾವಿ ಮೋಟ್ರು ಇದ್ದಂಗದೆ."

ಪೆರಿಯಕುಳಂನಿಂದ ಪಿಚ್ಚೈ ಆಸಾರಿಯನ್ನು ಕರೆಸಿದೆ. ಮರಗೆಲಸದವರಲ್ಲಿ ಇಂಥ ಕಿಟಕಿಯ ಒಳಗು ಗೊತ್ತಿದ್ದವರು ಅವರೊಬ್ಬರೇ ಉಳಿದಿದ್ದರು, ಅಥವಾ ನಮಗೆ ಸಿಕ್ಕಿದ್ದು ಅವರೊಬ್ಬರೇ. ಅವರು ಮಾತಾಡಿದ್ದು ತಮಿಳಿನಲ್ಲಿ, ಅತ್ತೆ ಉತ್ತರ ಕೊಟ್ಟದ್ದು ಅರ್ಧ ತಮಿಳು, ಅರ್ಧ ನಮ್ಮ ಮನೆಯ ಕನ್ನಡದಲ್ಲಿ. ನಾನು ಡೈರಿಯಲ್ಲಿ ಎಲ್ಲವನ್ನೂ ಕನ್ನಡಕ್ಕೆ ಇಳಿಸಿದ್ದೇನೆ. ಅವರು ಆಡಿದ ಪದಗಳೇ ಈಗ ಉಳಿದಿಲ್ಲ.

ಆಸಾರಿ ಕಿಟಕಿಯ ಚೌಕಟ್ಟಿಗೆ ಕಿವಿಯಿಟ್ಟು ಬೆರಳ ಗೆಣ್ಣಿನಿಂದ ತಟ್ಟಿದರು. ಉಗುರಿನಿಂದ ಬಣ್ಣ ಕೆರೆದು ಮರ ನೋಡಿದರು. ಹದಿನೆಂಟು ಸಾವಿರ ಆಗುತ್ತದೆ ಎಂದರು. ಮುರುಗ ನಕ್ಕ.

"ನಗಬೇಡಿ ತಂಬಿ. ಬರ್ಮಾ ತೇಗ ಇದು. ಹಗ್ಗದ ಕಾಸು ನೂರು ರೂಪಾಯಿ, ಉಳಿದದ್ದು ಬಿಚ್ಚೋದಕ್ಕೆ. ಮುರಿಯದೆ ಬಿಚ್ಚೋದಕ್ಕೆ. ಇಂಥದನ್ನ ಕಿತ್ತು ಅಲುಮಿನಿಯಂ ಹಾಕೋರ ಮನೇಲಿ ನಾನು ನೀರು ಕುಡಿಯೋದಿಲ್ಲ."

"ಕಾಪಿ ಕುಡೀತೀಯಲ್ಲ ಆಸಾರಿ? ಸೆಲ್ವಿ, ಕಾಪಿ ಕೊಡು," ಎಂದಳು ಅತ್ತೆ.

ಅಲ್ಲಿಯ ತನಕ ಎಲ್ಲ ಸರಿಯಾಗಿತ್ತು. ಯಾವತ್ತು ಶುರು ಮಾಡಲಿ ಎಂದು ಆಸಾರಿ ಕೇಳಿದಾಗ, ಬರುವ ಬುಧವಾರವೇ ಬನ್ನಿ ಎಂದೆ. ಅತ್ತೆ ಕೈಯೆತ್ತಿದಳು. ಬುಧವಾರದ ಹೊತ್ತಿಗೆ ಆಡಿ ಹುಟ್ಟಿರುತ್ತದೆ.

ಆಡಿ ಎಂದರೆ ಕರ್ನಾಟಕದವರ ಆಷಾಢದ ಹಾಗೆ. ಆಷಾಢ ಮುಗಿಯುವ ವೇಳೆಗೆ ಆಡಿ ಶುರುವಾಗುತ್ತದೆ, ಅದು ಕಳೆದರೆ ಆವಣಿ ತಿಂಗಳು. ನಮ್ಮಲ್ಲಿ ಆಡಿಯಲ್ಲಿ ಯಾರೂ ಮನೆಗೆ ಬಾಗಿಲ ಚೌಕಟ್ಟು, ಕಿಟಕಿಯ ಚೌಕಟ್ಟು ನಿಲ್ಲಿಸುವುದಿಲ್ಲ, ಕೀಳುವುದೂ ಇಲ್ಲ. ಚೌಕಟ್ಟಿಗೆ ನಿಲೆ ಎನ್ನುತ್ತೇವೆ. ಹಾಗಾಗಿಯೇ ಆ ತಿಂಗಳು ಆಸಾರಿಗಳ ಕೈ ಖಾಲಿ.

"ನಿಲೆ ಗೋಡೇಲೇ ಇರುತ್ತಮ್ಮಾ," ಎಂದರು ಆಸಾರಿ. "ಕದ ಮಾತ್ರ ಇಳಿಸ್ತೀನಿ. ಇದು ಹೊಸ ಕೆಲಸ ಅಲ್ಲ, ವೈದ್ಯ. ವೈದ್ಯಕ್ಕೆ ಆಡಿ ಏನು, ಆವಣಿ ಏನು?"

"ಹೊಸ ಹಗ್ಗ ಯಾವುದುಕ್ಕೆ ಕಟ್ತೀಯ?" ಎಂದಳು ಅತ್ತೆ.

"ಗುಂಡಿಗೆ."

"ಗುಂಡು ಎಲ್ಲದೆ?"

"ನಿಲೆಯ ಹೊಟ್ಟೇಲಿ."

"ಹೊಟ್ಟೆ ಕುಯ್ದುಬುಟ್ಟು ನಿಲೆ ಮುಟ್ಟಿಲ್ಲ ಅಂತೀಯಲ್ಲ! ನೀನು ಆಸಾರಿಯಾ, ವಕೀಲನಾ?"

ಎಲ್ಲರೂ ನಕ್ಕೆವು. ಅತ್ತೆಗೆ ನಗಲು ಹೋಗಿ ಕೆಮ್ಮು ಬಂತು, ಕೆಮ್ಮು ನಿಲ್ಲಲು ಬಹಳ ಹೊತ್ತಾಯಿತು. ಆಮೇಲೆ ಅವಳು ನನ್ನೊಬ್ಬಳಿಗೆ ಕೇಳುವ ಹಾಗೆ ಹೇಳಿದಳು. ಕೊಂಬೈಯ ಗಂಡನ ಮನೆಯಲ್ಲಿ ಒಂದು ಆಡಿಯಲ್ಲಿ ಹಿತ್ತಿಲ ಬಾಗಿಲನ್ನು ಕಿತ್ತು ಬೇರೆ ಕಡೆ ನಿಲ್ಲಿಸಿದ್ದರು. ಸಂಕ್ರಾಂತಿಗೆ ತೈ ತಿಂಗಳು ಹುಟ್ಟುವುದರೊಳಗೆ ಅವಳ ಗಂಡ, ನಮ್ಮ ಮಾಮ, ತೀರಿಹೋಗಿದ್ದರು. ನನಗೆ ಈ ಕತೆ ಗೊತ್ತಿತ್ತು. ಮಾಮನಿಗೆ ಹಾವು ಕಚ್ಚಿದ್ದೂ ಗೊತ್ತಿತ್ತು.

"ಅತ್ತೆ, ಹಾವಿಗೂ ಬಾಗ್ಲಿಗೂ ಏನು?" ಎಂದೆ.

"ನನ್ಗೆ ಆದ್ರೆ ಆಗ್ಲಿ ಕಣ್ಣು, ನಾನು ಎಷ್ಟು ದಿನ. ಈ ಮನೇಲಿ ಗಂಡಸು ಅಂತ ಮುರುಗ ಒಬ್ನೇ ಅವ್ನೆ. ಅವ್ನುಗೆ ಎರಡು ಹೆಣ್ಣು ಮಕ್ಳವೆ."

ಕಣ್ಣು ಎಂದು ಅವಳು ನನ್ನನ್ನು ಮುದ್ದಿಗೆ ಕರೆಯುತ್ತಿದ್ದಳು. ಆ ದಿನದ ಡೈರಿಯ ಕೊನೆಯ ಸಾಲು, "ಆಡಿ ಕಳೆಯಲಿ ಎಂದು ತೀರ್ಮಾನವಾಯಿತು." ಯಾರು ತೀರ್ಮಾನಿಸಿದ್ದು ಎಂದು ಬರೆದಿಲ್ಲ. ಕೊನೆಯ ಮಾತು ಅತ್ತೆಯದು ಎಂದು ನನ್ನ ನೆನಪು ಹೇಳುತ್ತದೆ. ಆದರೆ ಸೆಲ್ವಿಯನ್ನು ಮೊನ್ನೆ ಫೋನಿನಲ್ಲಿ ಕೇಳಿದಾಗ ಅವಳು, "ನೀವೇ ಅಂದ್ರಿ ಅಕ್ಕ, ಒಂದು ತಿಂಗಳು ತಾನೆ ಅಂತ," ಎಂದಳು. ಇರಬಹುದು. ಹದಿನೆಂಟು ಸಾವಿರ ಕೊಡುತ್ತೇನೆಂದು ಒಪ್ಪಿಕೊಂಡವಳು ನಾನು. ಆ ತಿಂಗಳು ಅಷ್ಟು ಹಣ ನನ್ನ ಬಳಿ ಇರಲಿಲ್ಲ. ತಿಂಗಳ ಗಡುವು ಸಿಕ್ಕಿತೆಂದು ಒಳಗೊಳಗೇ ಹಗುರಾದೆನೇ? ಅತ್ತೆಯ ಭಯವನ್ನು ಗೌರವಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆನೇ? ಡೈರಿಯಲ್ಲಿ ಇದರ ಸುಳಿವೂ ಇಲ್ಲ. ಇಲ್ಲದಿರುವುದೇ ಅನುಮಾನ ಹುಟ್ಟಿಸುತ್ತದೆ.

ಆಸಾರಿ ಹೊರಡುವ ಮುನ್ನ ಮೇಲಿನ ಕದವನ್ನು ಒಂದು ಗೇಣು ಇಳಿಸಿ, ಎರಡೂ ಬದಿಗೆ ಮರದ ಬೆಣೆ ಹೊಡೆದು ನಿಲ್ಲಿಸಿದರು. "ಗಾಳಿ ಜಾಸ್ತಿ ಆದ್ರೆ ಬೆಣೆ ಸಡಿಲ ಆಗುತ್ತೆ. ದಿನಾ ಬೆಳಗ್ಗೆ ಒಂದು ಸಲ ತಟ್ಟಿ. ಮೊಳೆ ಮಾತ್ರ ಹೊಡೀಬೇಡಿ. ಈ ಮರ ಒಣಗಿ ನೂರು ವರ್ಷ ಆಗಿದೆ, ಮೊಳೆ ಹೊಡೆದ್ರೆ ಸೀಳುತ್ತೆ," ಎಂದರು. ಆವಣಿ ಹುಟ್ಟಿದರೆ ಹತ್ತು ಮನೆಯವರು ಕಾಯುತ್ತಿರುತ್ತಾರೆ, ಮೊದಲನೆಯ ವಾರ ಬರಲಾಗದು ಎಂದೂ ಹೇಳಿದರು. ಅದನ್ನು ನಾವು ಆಗ ಗಮನವಿಟ್ಟು ಕೇಳಲಿಲ್ಲ.

ಆ ವರ್ಷದ ಆಡಿ ಗಾಳಿ ಬೇರೆ ವರ್ಷಗಳಿಗಿಂತ ಜೋರಾಗಿತ್ತೇ ಎಂದು ನನಗೆ ಗೊತ್ತಿಲ್ಲ. ಎಲ್ಲ ವರ್ಷವೂ ಜನ ಹಾಗೇ ಹೇಳುತ್ತಾರೆ. ಎರಡು ವಾರ ಸೆಲ್ವಿ ದಿನಾ ಬೆಳಗ್ಗೆ ಒನಕೆಯ ತುದಿಯಿಂದ ಬೆಣೆ ತಟ್ಟಿದಳು. ಮೂರನೆಯ ಭಾನುವಾರ ನಾನು ಊರಿನಲ್ಲಿದ್ದೆ. ಮಧ್ಯಾಹ್ನ ಊಟ ಮಾಡುತ್ತಿದ್ದಾಗ ಅತ್ತೆಯ ಕೋಣೆಯಲ್ಲಿ ದಡ್ ಎಂದು ಸದ್ದಾಯಿತು. ಬೆಣೆ ಹಾರಿ, ಮೇಲಿನ ಕದ ಅಷ್ಟೂ ಎತ್ತರದಿಂದ ಕೆಳಗೆ ಬಿದ್ದಿತ್ತು. ಒಂದು ಗಾಜು ಒಡೆದು ಹಾಸಿಗೆಯ ಕಾಲ ಕಡೆಗೆ ಚೆಲ್ಲಿತ್ತು. ಅತ್ತೆ ಕಾಲು ಮಡಿಚಿಕೊಂಡು, ಕೈಯಲ್ಲಿದ್ದ ಅನ್ನದ ತಟ್ಟೆಯನ್ನು ಎತ್ತಿ ಹಿಡಿದು ಕೂತಿದ್ದಳು. ತಟ್ಟೆಯನ್ನು ಯಾಕೆ ಕಾಪಾಡಿದಳೋ.

ಮುರುಗ ಬೆವರುತ್ತಿದ್ದ. ತೋಟದ ಕೊಠಡಿಯಿಂದ ಸುತ್ತಿಗೆ, ಮೊಳೆ ತಂದ.

"ಆಸಾರಿ ಏನಂದ್ರು?" ಎಂದೆ.

"ಆಸಾರಿ ಪೆರಿಯಕುಳಂನಲ್ಲಿ ಅವ್ರೆ. ಜನ್ನಲು ಇಲ್ಲದೆ. ಇನ್ನೊಂದು ಸತಿ ಬಿದ್ರೆ ಅತ್ತೆ ಕಾಲು ಇರ್ತದಾ? ಹಿಡ್ಕೊ ಅಕ್ಕ."

ನಾನು ಹಿಡಿದುಕೊಂಡೆ. ಮಂಚದ ಅಂಚಿನ ಮೇಲೆ ನಿಂತು ಎರಡೂ ಅಂಗೈಗಳಿಂದ ಕದವನ್ನು ಪೂರ್ತಿ ಮೇಲಕ್ಕೆ ಎತ್ತಿ ಹಿಡಿದೆ, ಅವನು ಎರಡೂ ಬದಿಗೆ ಮೂರಂಗುಲದ ಮೊಳೆ ಹೊಡೆದ. ನಾಲ್ಕು ಎಂದು ನೆನಪು, ಡೈರಿಯಲ್ಲಿ ಆರು. ಎರಡನೆಯ ಮೊಳೆಗೆ ಮರ ಸೀಳಿದ ಸದ್ದು ನನ್ನ ಅಂಗೈಗೆ ತಿಳಿಯಿತು. ನಾನು ನಿಲ್ಲಿಸು ಎನ್ನಲಿಲ್ಲ. ಒಡೆದ ಗಾಜಿನ ಜಾಗಕ್ಕೆ ಪ್ಲೈವುಡ್ ಬಿತ್ತು. ಕೆಳಗಿನ ಕದ ತೆರೆದರೆ ಗಾಳಿಗೆ ಧೂಳೆಲ್ಲ ಹಾಸಿಗೆಗೇ ಬರುತ್ತಿದ್ದರಿಂದ ಅದನ್ನೂ ಮುಚ್ಚಿದೆವು.

"ಆವಣಿ ತಂಕ ತಾನೆ," ಎಂದಳು ಅತ್ತೆ ನಮ್ಮಿಬ್ಬರ ಮುಖ ನೋಡಿ.

ಆಮೇಲಿನ ಹನ್ನೆರಡು ದಿನಗಳ ಬಗ್ಗೆ ನನಗೆ ಗೊತ್ತಿರುವುದು ಫೋನಿನಲ್ಲಿ ಕೇಳಿದ್ದು ಮಾತ್ರ. ನಾನು ದಿಂಡಿಗಲ್ಲಿನಲ್ಲಿದ್ದೆ, ಪರೀಕ್ಷೆಯ ಕೆಲಸವೆಂದು ಒಂದು ಶನಿವಾರ ಹೋಗಲೂ ಇಲ್ಲ. ಕೋಣೆಯಲ್ಲಿ ಧಗೆ ಎಂದು ಅತ್ತೆಯನ್ನು ಹಜಾರಕ್ಕೆ ತಂದರು. ಹಜಾರದಲ್ಲಿ ಒಲೆಯ ಹೊಗೆ ಎಂದು ಜಗುಲಿಗೆ ತಂದರು. ಜಗುಲಿಯಲ್ಲಿ ಧೂಳು ಎಂದು ಮತ್ತೆ ಕೋಣೆಗೆ. ಫೋನಿನಲ್ಲಿ ಅವಳ ಮಾತು ಎರಡು ಪದಕ್ಕೊಮ್ಮೆ ನಿಲ್ಲುತ್ತಿತ್ತು. ಆಡಿ ಮುಗಿಯಲು ಮೂರು ದಿನವಿರುವಾಗ ತುಟಿ ಕಪ್ಪಾಗಿದೆ ಎಂದು ಮುರುಗ ಅವಳನ್ನು ತೇನಿಯ ಆಸ್ಪತ್ರೆಗೆ ಸೇರಿಸಿದ.

ಅಲ್ಲಿ ಹತ್ತು ದಿನ. ಡಾಕ್ಟರಮ್ಮ ಎಕ್ಸ್‌ರೇ ಹಿಡಿದು ನೋಡಿ, ಶ್ವಾಸಕೋಶ ಗಟ್ಟಿಯಾಗಿದೆ, ಹಳೆಯ ಮದ್ದಿನ ಕೆಲಸ, ಈಗ ಅದರ ಮೇಲೆ ಸೋಂಕೂ ಸೇರಿದೆ ಎಂದರು. ಕಿಟಕಿ ಮುಚ್ಚಿದ್ದರಿಂದ ಹೀಗಾಯಿತೇ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೌದು ಎನ್ನುತ್ತಿದ್ದರೋ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತಿದ್ದರೋ, ಇಂದಿಗೂ ಗೊತ್ತಿಲ್ಲ. ಎರಡನೆಯ ಉತ್ತರ ಸಿಕ್ಕಿದ್ದರೂ ನಾನು ನಂಬುತ್ತಿರಲಿಲ್ಲ. ಮನೆಗೆ ಕಳಿಸುವ ದಿನ ಅವರೇ ಕೇಳಿದರು, "ಇವರ ಕೋಣೆಗೆ ಕಿಟಕಿ ಇದೆಯಾ?"

ನಾನು ಮುರುಗನ ಮುಖ ನೋಡಿದೆ. ಅವನು ನೆಲ ನೋಡುತ್ತ, "ಅದೆ," ಎಂದ.

"ಸುತ್ತ ದ್ರಾಕ್ಷಿ ತೋಟ ಅಂದ್ರಲ್ಲ. ಮದ್ದು ಹೊಡೆಯೋ ದಿನ ತೆರೀಬೇಡಿ. ಇನ್ನೊಂದು ಸಲ ಇವರ ಎದೆ ತಡೆಯೋದಿಲ್ಲ."

ನಮ್ಮ ಕಣಿವೆಯಲ್ಲಿ ಎಲ್ಲರ ತೋಟವೂ ಒಂದೇ ದಿನ ಹೂ ಬಿಡುವುದಿಲ್ಲ. ಇವತ್ತು ನಮ್ಮದು, ನಾಳೆ ಪಕ್ಕದವರದು, ನಾಡಿದ್ದು ಅವರಾಚೆಯವರದು. ಎಲ್ಲಾದರೂ ಒಂದು ಕಡೆ ಮದ್ದಿನ ಮೋಟರು ಸದ್ದು ಮಾಡುತ್ತಲೇ ಇರುತ್ತದೆ. ಇದು ಡಾಕ್ಟರಮ್ಮನಿಗೆ ಗೊತ್ತಿರಲಿಲ್ಲ. ನಾವೂ ಹೇಳಲಿಲ್ಲ.

ಮನೆಗೆ ಒಂದು ಆಕ್ಸಿಜನ್ ಮಿಷನ್ನು ಬಂತು. ಮೂಗಿಗೆ ನಳಿಗೆ, ಮಂಚದ ಪಕ್ಕ ಗುಂಯ್‌ಗುಟ್ಟುವ ಪೆಟ್ಟಿಗೆ. ಇಷ್ಟಾದ ಮೇಲೆ ಕಿಟಕಿ ರಿಪೇರಿ ಮಾಡಿಸುವುದರಲ್ಲಿ ಅರ್ಥವಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಆಗ ಹಾಗನ್ನಿಸಲಿಲ್ಲ. ಆಸಾರಿಗೆ ಫೋನು ಮಾಡಿದ್ದು ನಾನಲ್ಲ, ಮುರುಗ. ಅಲುಮಿನಿಯಂ ಮಾತನ್ನು ಅವನು ಮತ್ತೆ ಎತ್ತಲೇ ಇಲ್ಲ.

ಆವಣಿ ಮುಗಿಯುತ್ತಿದ್ದಾಗ ಆಸಾರಿ ಬಂದರು. ಮೊಳೆಗಳನ್ನು ಬೆರಳಿನಿಂದ ಸವರಿ ನೋಡಿದರು. ಇಕ್ಕಳದಿಂದ ಒಂದೊಂದನ್ನೇ ಕಿತ್ತು ಅಂಗೈಯಲ್ಲಿಟ್ಟುಕೊಂಡು ಮುರುಗನ ಕೈಗೆ ಕೊಟ್ಟರು. ಕದದ ಎರಡೂ ಬದಿಯ ಪಟ್ಟಿ ಉದ್ದಕ್ಕೆ ಸೀಳಿತ್ತು, ಚೌಕಟ್ಟಿನ ಒಳತೋಡೂ. ಅಷ್ಟು ಹಳೆಯ ತೇಗ ಹೊಸದಾಗಿ ಸಿಗುವುದಿಲ್ಲ. ಕೆಡವಿದ ಮನೆಯೊಂದರ ಬಾಗಿಲು ಹುಡುಕಿ ಕೊಂಡು, ಕೊಯ್ದು, ಕೂರಿಸಬೇಕಾಯಿತು. ಹದಿನೆಂಟು ಸಾವಿರ ಮೂವತ್ತೊಂದಾಯಿತು. ಮುರುಗ ಚೌಕಾಸಿ ಮಾಡಲಿಲ್ಲ.

ರಾಟೆಗಳೂ ಸವೆದಿದ್ದವು. ಅವನ್ನು ದಿಂಡಿಗಲ್ಲಿನಲ್ಲಿ ಮಾಡಿಸಲು ನನಗೆ ಹೇಳಿದರು. ಬೀಗ ಮಾಡುವವರ ಬೀದಿಯಲ್ಲಿ ಮುದುಕರೊಬ್ಬರು ಹಳೆಯ ರಾಟೆಯನ್ನು ತಿರುಗಿಸಿ ನೋಡಿ, ಬಾವಿಗೆ ಇದು ತೀರ ಚಿಕ್ಕದಾಯಿತಲ್ಲ ಎಂದರು. ಬಾವಿಗಲ್ಲ, ಜನ್ನಲಿಗೆ ಎಂದೆ. "ಜನ್ನಲಿಂದ ಏನು ಸೇದ್ತೀರಮ್ಮಾ?" ಎಂದು ನಕ್ಕರು. ಗಾಳಿ ಎಂದೆ. ಅವರು ಇನ್ನೂ ಜೋರಾಗಿ ನಕ್ಕರು. ನಾಲ್ಕು ಹಿತ್ತಾಳೆ ರಾಟೆಗಳನ್ನು ಮೇಣದ ಅಚ್ಚಿನಿಂದ ಎರಕ ಹೊಯ್ದು ಕೊಟ್ಟರು. ಅವು ಬಹಳ ಚೆನ್ನಾಗಿದ್ದವು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದನ್ನು ಬೆರಳಲ್ಲಿ ತಿರುಗಿಸುತ್ತ ಹೋದೆ.

ಆಸಾರಿ ಹದಿನೈದು ದಿನ ಕೆಲಸ ಮಾಡಿದರು. ಜಗುಲಿಯಲ್ಲಿ ಕದಗಳನ್ನು ಮಲಗಿಸಿಕೊಂಡು ಹಳೆಯ ಬಣ್ಣ ಕೆರೆದರು, ಸೀಳಿದ ಕಡೆ ಹೊಸ ಪಟ್ಟಿ ಕೂರಿಸಿದರು, ಅಗಸೆ ಎಣ್ಣೆಯ ಪುಟ್ಟಿ ನಾದಿ ಗಾಜಿನ ಅಂಚಿಗೆ ಹೆಬ್ಬೆರಳಲ್ಲಿ ಒತ್ತುತ್ತ ಹೋದರು. ಮನೆಯೆಲ್ಲ ಆ ವಾಸನೆ. ಅತ್ತೆ ಅಷ್ಟು ದಿನವೂ ಹಜಾರದಲ್ಲಿದ್ದು, "ಮುಗೀತಾ?" ಎಂದು ದಿನಕ್ಕೊಮ್ಮೆ ಕೇಳುತ್ತಿದ್ದಳು. ಬೇರೇನನ್ನೂ ಕೇಳುತ್ತಿರಲಿಲ್ಲ.

ಮುಗಿದ ದಿನ ಅವಳನ್ನು ಕೋಣೆಗೆ ತಂದು ಮಲಗಿಸಿದೆವು. ಆಸಾರಿ ಎಲ್ಲರನ್ನೂ ಕರೆದು, ಮೇಲಿನ ಕದದ ಮೇಲೆ ಒಂದೇ ಬೆರಳಿಟ್ಟರು. ಕದ ಇಳಿಯಿತು. ಸದ್ದೇ ಇಲ್ಲ. ಒಂದು ಗೇಣಿಗೆ ಬೆರಳು ತೆಗೆದರು, ಅಲ್ಲೇ ನಿಂತಿತು. ಹೊರಗಿನ ಗಾಳಿ ಒಳಗೆ ಬಂತು, ಆಡಿಯ ಬಿರುಸೆಲ್ಲ ಕಳೆದುಕೊಂಡ ಮೆಲ್ಲಗಿನ ಗಾಳಿ. ಅತ್ತೆ ಮುಖವನ್ನು ಸ್ವಲ್ಪ ಮೇಲೆತ್ತಿ ಕಣ್ಣು ಮುಚ್ಚಿಕೊಂಡಳು. ಮುರುಗ ಮುಖ ತಿರುಗಿಸಿಕೊಂಡು ಹೊರಗೆ ಹೋದ. ಎಷ್ಟು ಹೊತ್ತು ಹಾಗಿದ್ದೆವು? ಅರ್ಧ ಗಂಟೆ ಎನ್ನುತ್ತದೆ ನೆನಪು. ಹತ್ತು ನಿಮಿಷಕ್ಕಿಂತ ಹೆಚ್ಚಿರಲಾರದು.

ಪಕ್ಕದ ತೋಟದಲ್ಲಿ ಮೋಟರು ಶುರುವಾಯಿತು. ಸೆಲ್ವಿ ಬಾಗಿಲಲ್ಲಿ ನಿಂತು ತುಟಿಯಲ್ಲೇ, "ಮದ್ದು ಹೊಡೀತಾವ್ರೆ," ಎಂದಳು.

ಆಸಾರಿ ನನ್ನ ಕಡೆ ನೋಡಿದರು. ನಾನು ಮಂಚದ ಪಕ್ಕ ಹೋಗಿ, ಕದದ ಕೆಳ ಅಂಚಿಗೆ ಒಂದು ಬೆರಳಿಟ್ಟು ಮೇಲಕ್ಕೆ ತಳ್ಳಿದೆ. ಅಷ್ಟೇ ಹಗುರಾಗಿ ಏರಿ ಮುಚ್ಚಿಕೊಂಡಿತು. ಅತ್ತೆ ಕಣ್ಣು ತೆರೆಯಲಿಲ್ಲ. ಮಿಷನ್ನಿನ ಗುಂಯ್‌ಗುಡುವಿಕೆಯಲ್ಲಿ ಅವಳಿಗೆ ಮೋಟರೂ ಕೇಳಿಸಿರಲಿಲ್ಲವೇನೋ.

"ಜನ್ನಲು ತೆರ್ದೇ ಅದಾ, ಕಣ್ಣು?" ಎಂದಳು ಒಂದಷ್ಟು ಹೊತ್ತಿನ ಮೇಲೆ.

ಸೆಲ್ವಿ ಸದ್ದಾಗದ ಹಾಗೆ ಹೋಗಿ ಫ್ಯಾನಿನ ಸ್ವಿಚ್ಚು ಹಾಕಿದಳು.

"ಅದೆ ಅತ್ತೆ," ಎಂದೆ.

ಆ ದಿನದ ಡೈರಿಯಲ್ಲಿ, ಆಸಾರಿಗೆ ಹಣ ಕೊಟ್ಟು ಕಳಿಸಿದೆವು, ಕೆಲಸ ಅಚ್ಚುಕಟ್ಟು ಎಂದಿದೆ. ಇದು ಇಲ್ಲ. ಇದಾದ ಮೇಲೆ ಅವಳು ಬದುಕಿದ್ದದ್ದು ಕಾರ್ತಿಗೈ ತಿಂಗಳವರೆಗೆ. ಅಷ್ಟರಲ್ಲಿ ಅವಳು ಈ ಪ್ರಶ್ನೆಯನ್ನು ಅದೆಷ್ಟೋ ಸಲ ಕೇಳಿದಳು, ನಾವು ಮೂವರೂ ಪ್ರತಿ ಸಲವೂ ಒಂದೇ ಉತ್ತರ ಕೊಟ್ಟೆವು. ನಂಬಿದಳೋ, ಅಥವಾ ಮುರುಗನ ಮೇಲಿನ ಮರುಕದಿಂದ ಮೊದಲು ಆಡಿ ಕಳೆಯಲೆಂದು ಕಾದ ಹಾಗೆ ನಮ್ಮ ಮೇಲಿನ ಮರುಕದಿಂದ ಇದಕ್ಕೂ ಒಪ್ಪಿಕೊಂಡಳೋ, ನನಗೆ ಗೊತ್ತಾಗಲಿಲ್ಲ. ಅವತ್ತು ಅವಳು ಕಣ್ಣು ಮುಚ್ಚಿಕೊಂಡೇ ತಲೆಯಾಡಿಸಿದಳು.

"ಆಮಾ," ಎಂದಳು. "ಗಾಳಿ ಬತ್ತದೆ."